ಅಣ್ಣ ಕೊಟ್ಟ ಮಜ್ಜೆ

ಮೊದಲು ಕಂಡದ್ದು ಕಿವಿಯ ಹಿಂದಿನ ನೀಲಿ ಕಲೆ.

ಆಗ ನಾನು ಮಧುಗಿರಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ತಲೆಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು, ಎದುರಿನ ಬೋರ್ಡಿನ ತೂತುಗಳಿಗೆ ವೈರು ಚುಚ್ಚಿ, ಒಬ್ಬರ ಮಾತನ್ನು ಇನ್ನೊಬ್ಬರ ಕಿವಿಗೆ ಮುಟ್ಟಿಸುವ ಕೆಲಸ. ಎಂಬತ್ತರ ದಶಕ ಅರ್ಧ ಕಳೆದಿತ್ತು. ಊರಿಂದೂರಿಗೆ ಮಾತಾಡಬೇಕೆಂದರೆ ಟ್ರಂಕ್‌ಕಾಲ್ ಬುಕ್ ಮಾಡಿ ಕಾಯುತ್ತ ಕೂರುವ ಕಾಲ. ಹೆಡ್‌ಸೆಟ್ಟಿನ ಪಟ್ಟಿ ಒತ್ತುವ ಜಾಗದಲ್ಲಿ ಎದ್ದ ಕಲೆಯನ್ನು ಜೊತೆಯ ಆಪರೇಟರ್ ಶಾಂತಾ ನೋಡಿ, ಯಾರಾದರೂ ಹೊಡೆದರಾ ಎಂದು ತಮಾಷೆ ಮಾಡಿದಳು. ನಾನೂ ನಕ್ಕೆ. ಕೆಲವೇ ವಾರಗಳಲ್ಲಿ ಬಳೆ ತಾಕಿದ ಕಡೆ, ಲಂಗದ ಲಾಡಿ ಬಿಗಿದ ಕಡೆ, ಬಸ್ಸಿನ ಸೀಟಿನ ಕಂಬಿ ಒತ್ತಿದ ಕಡೆ ಎಲ್ಲ ನೀಲಿಗಟ್ಟತೊಡಗಿತು. ಹಲ್ಲುಜ್ಜಿದರೆ ಬಾಯಿ ತುಂಬ ಕೆಂಪು. ಎಕ್ಸ್‌ಚೇಂಜಿನ ಮೆಟ್ಟಿಲು ಹತ್ತಿ ಕುರ್ಚಿಗೆ ಕೂತರೆ ಉಸಿರು ಹದಕ್ಕೆ ಬರಲು ಬಹಳ ಹೊತ್ತು ಬೇಕಾಗುತ್ತಿತ್ತು. ಊರಿನ ಡಾಕ್ಟರು ರಕ್ತ ಕಡಿಮೆ ಎಂದು ಟಾನಿಕ್ ಬರೆದುಕೊಟ್ಟರು. ಕುಡಿದೆ. ಒಂದು ಮಧ್ಯಾಹ್ನ ಹುಣಸೆ ಮಂಡಿಯವರಿಗೆ ತುಮಕೂರಿನ ಕಾಲ್ ಜೋಡಿಸುತ್ತಿದ್ದಾಗ ಮೂಗಿನಿಂದ ರಕ್ತ ಸುರಿಯಲು ಶುರುವಾಯಿತು. ಸೆರಗು ಒತ್ತಿ ಹಿಡಿದರೂ ನಿಲ್ಲಲಿಲ್ಲ. ಶಾಂತಾ ನನ್ನ ತಲೆಯಿಂದ ಹೆಡ್‌ಸೆಟ್ ತೆಗೆದು ತಾನು ಹಾಕಿಕೊಂಡಳು. ಆಚೆಯಿಂದ "ಹಲೋ, ಹಲೋ" ಎನ್ನುತ್ತಿದ್ದ ಮಂಡಿಯವನಿಗೆ ಮೊದಲು ಉತ್ತರ ಕೊಟ್ಟು, ಆಮೇಲೆ ಆಟೋ ಕರೆಸಿದಳು.

ತುಮಕೂರಿನವರು ಬೆಂಗಳೂರಿಗೆ ಕಳಿಸಿದರು. ಅಷ್ಟರಲ್ಲಿ ಅವ್ವ ಬಂದಿದ್ದಳು. ನಮ್ಮೂರು ಶಿರಾ ತಾಲ್ಲೂಕಿನ ತಾವರೆಕೆರೆಯ ಹತ್ತಿರ. ಕುರಿ ಸಾಕುವ ಮನೆತನ. ಅಪ್ಪ ಇಲ್ಲ. ಅವ್ವ, ಅಣ್ಣ ಈರಣ್ಣ, ನಾನು, ಮೂರೇ ಜನ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಕೆಲಸ ಹಿಡಿದ ಮೇಲೆ ಮಧುಗಿರಿಯಲ್ಲಿ ಒಂದು ಕೋಣೆ ಮಾಡಿಕೊಂಡಿದ್ದೆ. ಆಸ್ಪತ್ರೆಯ ಬೆಂಚಿನ ಮೇಲೆ ಅವ್ವ ನನ್ನ ಕೈ ಮುಟ್ಟಲು ಹೆದರುತ್ತಿದ್ದಳು. ಮುಟ್ಟಿದರೆ ಕಲೆಯಾಗುತ್ತಲ್ಲ ಎಂದು. ಪಕ್ಕದಲ್ಲಿ ಕೂತು ಸೀರೆಯ ಅಂಚನ್ನು ಮಾತ್ರ ಹಿಡಿದುಕೊಂಡಿರುತ್ತಿದ್ದಳು. ನನ್ನ ಸೊಂಟದ ಮೂಳೆಗೆ ದಪ್ಪ ಸೂಜಿ ಹಾಕಿ ಪರೀಕ್ಷೆ ಮಾಡಿದರು. ಎರಡು ಸಲ ಎಳೆದರೂ ಸಿರಿಂಜಿಗೆ ಏನೂ ಬರಲಿಲ್ಲ. ಅಲ್ಲಿದ್ದ ಇಬ್ಬರು ಡಾಕ್ಟರುಗಳು ಒಬ್ಬರನ್ನೊಬ್ಬರು ನೋಡಿಕೊಂಡದ್ದು ನನಗೆ ಕಂಡಿತು. ರೋಗದ ಹೆಸರು ಆಮೇಲೆ ಹೇಳಿದರು. ಆದರೆ ನನಗೆ ಗೊತ್ತಾದದ್ದು ಆ ನೋಟದಲ್ಲಿ.

ಮೂಳೆಯೊಳಗೆ ರಕ್ತ ಹುಟ್ಟಿಸುವ ಮಜ್ಜೆ ಒಣಗಿಹೋಗಿದೆ ಎಂದರು. ಬೇರೆಯವರ ರಕ್ತ ಹಾಕಿಸಿಕೊಂಡು ಕೆಲವು ತಿಂಗಳು ತಳ್ಳಬಹುದು, ಅಷ್ಟೆ. ಒಡಹುಟ್ಟಿದವರ ಮಜ್ಜೆ ಹೊಂದಿದರೆ ಅದನ್ನು ತೆಗೆದು ಹಾಕುವ ಚಿಕಿತ್ಸೆ ತಮಿಳುನಾಡಿನ ಒಂದು ಆಸ್ಪತ್ರೆಯಲ್ಲಿ ಈಚೆಗೆ ಶುರುವಾಗಿದೆ. ಒಡಹುಟ್ಟಿದವರು ಎಷ್ಟು ಜನ ಎಂದು ಕೇಳಿದರು. ಒಬ್ಬ ಅಣ್ಣ ಎಂದೆ. ಬೇಗ ಕರೆಸಿ ಎಂದರು.

ಅವ್ವ ನನ್ನ ಮುಖ ನೋಡಿದಳು. ಸಂಕ್ರಾಂತಿ ಕಳೆದಿತ್ತು. ಕಡಲೆಕಾಯಿ ಕಿತ್ತ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ಮಂದೆ ತರುಬಿಸಲು ರೈತರು ಕರೆಯುವ ಕಾಲ ಅದು. ಅಣ್ಣ ಮಂದೆ ಹೊಡೆದುಕೊಂಡು ಊರು ಬಿಟ್ಟು ಬಹಳ ದಿನವಾಗಿತ್ತು. ಪಾವಗಡದ ಕಡೆ ಹೋಗಿದ್ದಾನೆ ಎಂಬುದಷ್ಟೇ ಗೊತ್ತು. ಇವತ್ತು ಈ ಹೊಲ, ನಾಳೆ ಆ ಹೊಲ. ಆಂಧ್ರದ ಗಡಿ ದಾಟಿದ್ದರೂ ದಾಟಿರಬಹುದು.

ರಕ್ತ ಹಾಕಿಸಿಕೊಂಡು ಮಧುಗಿರಿಗೆ ವಾಪಸಾದೆ. ರಜೆಯಲ್ಲಿದ್ದರೂ ಎಕ್ಸ್‌ಚೇಂಜಿಗೆ ಹೋಗಿ ಬೋರ್ಡಿನ ಮುಂದೆ ಕೂತೆ. ಪಾವಗಡ ಎಕ್ಸ್‌ಚೇಂಜಿನ ಆಪರೇಟರ್ ಸುಬ್ಬಲಕ್ಷ್ಮಿಯ ದನಿ ನನಗೆ ಮೂರು ವರ್ಷದಿಂದ ಪರಿಚಯ, ಮುಖ ಕಂಡಿರಲಿಲ್ಲ. ಅವಳಿಗೆ ವಿಷಯ ಹೇಳಿದೆ. ಅವಳು ಹೆಚ್ಚೇನೂ ಕೇಳಲಿಲ್ಲ. ಅಣ್ಣನ ಹೆಸರು, ವಯಸ್ಸು, ಮಂದೆಯಲ್ಲಿ ಕತ್ತೆ ಎಷ್ಟು, ನಾಯಿಯ ಬಣ್ಣ ಯಾವುದು ಎಂದು ಕೇಳಿಕೊಂಡಳು. ಆಮೇಲೆ ತನ್ನ ಬೋರ್ಡಿನಲ್ಲಿದ್ದ ಫೋನುಗಳಿಗೆಲ್ಲ ಒಂದೊಂದಾಗಿ ಮಾಡತೊಡಗಿದಳು. ಎಣ್ಣೆ ಮಿಲ್ಲು, ರಸಗೊಬ್ಬರದ ಅಂಗಡಿ, ಬಸ್ ಏಜೆಂಟು, ಶಾಲೆ. ನಾನು ಈ ತುದಿಯಲ್ಲಿ ಲೈನ್ ಬಿಡದೆ ಕೂತಿದ್ದೆ. "ತಾವರೆಕೆರೆ ಕಡೆಯೋನು, ಈರಣ್ಣ ಅಂತ, ಕುರಿ ಮಂದೆ" ಎಂದು ಅವಳು ಒಬ್ಬೊಬ್ಬರಿಗೂ ಹೇಳುವುದು, ಅವರು ಇಲ್ಲವೆನ್ನುವುದು ನನಗೆ ಕೇಳುತ್ತಿತ್ತು. ಇಲ್ಲ ಎಂಬ ಮಾತು ಎಷ್ಟು ಬಗೆಯ ದನಿಗಳಲ್ಲಿ ಬರುತ್ತದೆ ಎಂಬುದು ಆವತ್ತು ಗೊತ್ತಾಯಿತು. ನಾಲ್ಕು ದಿನ ಹಾಗೇ ಕಳೆಯಿತು. ಕಾಲಿನಲ್ಲಿ ಸಾಸಿವೆಯಂಥ ಕೆಂಪು ಚುಕ್ಕೆಗಳು ಏಳುತ್ತಿದ್ದವು.

ಐದನೆಯ ದಿನ ಬೆಳಿಗ್ಗೆ ಬೋರ್ಡಿನಲ್ಲಿ ಪಾವಗಡದ ದೀಪ ಹತ್ತಿತು. "ಮೇಡಂ, ಮೀ ಅನ್ನ ದೊರಿಕಿನಾಡು. ಸಿಕ್ಬುಟ್ಟ ಕಣ್ರಿ. ವೈ.ಎನ್.ಹೊಸಕೋಟೆ ಹತ್ರ ಒಂದು ಹೊಲದಾಗೆ ಮಂದೆ ಐತಂತೆ. ಎಣ್ಣೆ ಮಿಲ್ಲೋರು ಸೈಕಲ್ ಕಳಿಸವ್ರೆ."

ಅಣ್ಣ ಮರುದಿನ ಮಧುಗಿರಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದ. ಹೆಗಲ ಮೇಲೆ ಕಂಬಳಿ, ಮೈಯೆಲ್ಲ ಕುರಿಯ ವಾಸನೆ. ಮಂದೆಯನ್ನು ಜೊತೆಗಿದ್ದ ಕುರಿಗಾರನಿಗೆ ಒಪ್ಪಿಸಿ ಬಂದಿದ್ದ. ನನ್ನನ್ನು ನೋಡಿದ. ಕಂಬಳಿ ಬಿಚ್ಚಿ ನನ್ನ ಮೇಲೆ ಹೊದಿಸಿದ. ಬಿಸಿಲಿತ್ತು, ಆದರೂ ನಾನು ತೆಗೆಯಲಿಲ್ಲ.

ತಮಿಳುನಾಡಿನ ಆ ಆಸ್ಪತ್ರೆಯಲ್ಲಿ ನಮ್ಮಿಬ್ಬರ ರಕ್ತ ತೆಗೆದುಕೊಂಡು, ಒಂದರ ಜೊತೆ ಇನ್ನೊಂದನ್ನು ಇಟ್ಟು ನೋಡಬೇಕು, ವಾರ ಕಾಯಿರಿ ಎಂದರು. ಕಾಯುವ ಕೋಣೆಯಲ್ಲಿ ಉದ್ದನೆಯ ಮರದ ಬೆಂಚುಗಳಿದ್ದವು. ಗೋಡೆಗೆ ಒರಗುವ ಜಾಗದಲ್ಲಿ ಸಾವಿರಾರು ತಲೆಗಳು ಒರಗಿ ಎಣ್ಣೆಯ ಕಲೆ ಒಂದೇ ಸಾಲಾಗಿ ಹಬ್ಬಿತ್ತು. ಅಲ್ಲಿ ಕಾಯುವವರು ಹೆಚ್ಚು ಮಾತಾಡುವುದಿಲ್ಲ. ಬಾಗಿಲು ತೆರೆದಾಗೆಲ್ಲ ಎಲ್ಲರ ತಲೆಯೂ ಒಟ್ಟಿಗೆ ಆ ಕಡೆ ತಿರುಗುತ್ತಿತ್ತು, ಯಾರ ಹೆಸರನ್ನೂ ಕರೆಯದಿದ್ದರೆ ಒಟ್ಟಿಗೆ ತಗ್ಗುತ್ತಿತ್ತು. ಅವ್ವನಿಗೆ ಮಾತ್ರ ಒಬ್ಬ ಗೆಳತಿ ಸಿಕ್ಕಿದಳು. ಅನಂತಪುರದ ಒಬ್ಬ ಮೇಷ್ಟರ ಹೆಂಡತಿ. ಅವ್ವ ಹುಟ್ಟಿದ್ದು ವೈ.ಎನ್.ಹೊಸಕೋಟೆಯ ಕಡೆ, ತೆಲುಗು ಅವಳಿಗೆ ಕನ್ನಡದಷ್ಟೇ ಸಲೀಸು. ಆ ಮೇಷ್ಟರಿಗೆ ರಕ್ತದ ಕ್ಯಾನ್ಸರು. ಅವರಿಗೆ ತಮ್ಮನ ಮಜ್ಜೆ ಹಾಕುವುದೆಂದು ಆಗಲೇ ತೀರ್ಮಾನವಾಗಿತ್ತು.

ನಮ್ಮ ಸರದಿ ಬಂದಾಗ ಒಳಗೆ ಕರೆದವರು ಸುಶೀಲಾ ಎಂಬ ಡಾಕ್ಟರು. ಮೈಸೂರಿನಲ್ಲಿ ಓದಿದ್ದರಿಂದ ಪುಸ್ತಕದಂಥ ಕನ್ನಡ ಬರುತ್ತಿತ್ತು. ಮಜ್ಜೆ ಹೊಂದುತ್ತದೆ ಎಂದು ಮೊದಲೇ ಹೇಳಿಬಿಟ್ಟರು. ಅವ್ವ ಅಳತೊಡಗಿದಳು. ಅಣ್ಣ ಒಂದೇ ಪ್ರಶ್ನೆ ಕೇಳಿದ: "ಸೊಂಟದಾಗಿಂದ ತೆಗೆದ್ಮ್ಯಾಲೆ ನಡೆಯಕ್ಕಾಗ್ತದಾ? ನಮ್ದು ನಡಿಯೋ ಕಸುಬು." ಕೆಲವು ದಿನ ನೋವಿರುತ್ತದೆ, ಆಮೇಲೆ ಮೊದಲಿನಂತೆಯೇ ನಡೆಯಬಹುದು ಎಂದರು. ಅವನು ತಲೆಯಾಡಿಸಿದ. ಮಧುಗಿರಿಯಲ್ಲಿ ಯಾರೋ ಅವನಿಗೆ ಕಾಲು ಬಿದ್ದುಹೋಗುತ್ತದೆ ಎಂದು ಹೇಳಿದ್ದರಂತೆ. ಅದನ್ನು ನಂಬಿಕೊಂಡೇ ಬಸ್ಸು ಹತ್ತಿದ್ದ ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಆಮೇಲೆ ಸುಶೀಲಾ ಡಾಕ್ಟರು ನನ್ನನ್ನೊಬ್ಬಳನ್ನೇ ಕೂರಿಸಿಕೊಂಡು ಮಾತಾಡಿದರು. ನನಗೆ ಕ್ಯಾನ್ಸರ್ ಇಲ್ಲದಿದ್ದರೂ ಕ್ಯಾನ್ಸರಿಗೆ ಕೊಡುವ ಔಷಧಿಗಳನ್ನು ಕೊಡುತ್ತಾರಂತೆ. ಮೊದಲು ಒಂದನ್ನು ಭಾರೀ ಪ್ರಮಾಣದಲ್ಲಿ, ಅಣ್ಣನ ಮಜ್ಜೆಗೆ ಜಾಗ ಮಾಡಿಕೊಡಲು. ಮಜ್ಜೆ ಹಾಕಿದ ಮೇಲೆ ಇನ್ನೊಂದನ್ನು ಸ್ವಲ್ಪ ಸ್ವಲ್ಪವೇ, ಕೆಲವು ಸಲ. ಅದು ಯಾಕೆಂದು ಕೇಳಿದೆ.

"ಬಂದ ಮಜ್ಜೆ ನಿನ್ನ ಮೈಯನ್ನು ತನ್ನದಲ್ಲ ಎಂದುಕೊಂಡು ಜಗಳಕ್ಕೆ ಬೀಳಬಹುದು. ಚರ್ಮ, ಹೊಟ್ಟೆ, ಪಿತ್ತಜನಕಾಂಗ, ಎಲ್ಲದರ ಮೇಲೂ ಬೀಳುತ್ತದೆ. ಅದನ್ನು ತಡೆಯುವುದು ಹೇಗೆ ಎಂದು ನಾವೂ ಹುಡುಕುತ್ತಿದ್ದೇವೆ, ಬೇರೆ ದೇಶಗಳಲ್ಲೂ ಹುಡುಕುತ್ತಿದ್ದಾರೆ. ಅದಕ್ಕೆಂದೇ ದಿನವೂ ಕೊಡುವ ಔಷಧಿಯ ಜೊತೆ ಇದನ್ನೂ ಸೇರಿಸಿ ಕೊಟ್ಟರೆ ಒಳ್ಳೆಯದು ಅನಿಸಿದೆ. ಅನಿಸಿದೆ, ಅಷ್ಟೇ. ನೀನು ಒಪ್ಪಿದರೆ ನಿನಗೂ ಹಾಗೆ ಕೊಡುತ್ತೇವೆ, ಏನಾಯಿತೆಂದು ಬರೆದಿಡುತ್ತೇವೆ. ಒಪ್ಪದಿದ್ದರೂ ಚಿಕಿತ್ಸೆ ನಿಲ್ಲುವುದಿಲ್ಲ."

ಒಪ್ಪಿದೆ. ಧೈರ್ಯದಿಂದಲ್ಲ. 'ಅನಿಸಿದೆ, ಅಷ್ಟೇ' ಎಂದು ಹೇಳುವ ಡಾಕ್ಟರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ನನ್ನನ್ನು ಗಾಜಿನ ಕಿಟಕಿಯಿದ್ದ ಸಣ್ಣ ಕೋಣೆಗೆ ಹಾಕಿದರು. ಒಳಗೆ ಬರುವವರೆಲ್ಲ ಕುದಿಸಿದ ಬಟ್ಟೆ ತೊಟ್ಟು, ಮುಖ ಮುಚ್ಚಿಕೊಂಡು ಬರಬೇಕು. ಅವ್ವ, ಅಣ್ಣ ಗಾಜಿನ ಆಚೆ. ಮೊದಲನೆಯ ಔಷಧಿ ಇಳಿದ ದಿನಗಳಲ್ಲಿ ವಾಂತಿ ಬಿಟ್ಟು ನನಗೆ ಬೇರೇನೂ ನೆನಪಿಲ್ಲ. ಕರುಳೇ ಹೊರಗೆ ಬರುತ್ತದೆ ಅನಿಸುತ್ತಿತ್ತು. ಕೂದಲು ದಿಂಬಿನ ಮೇಲೆ ಜೊಂಪೆ ಜೊಂಪೆಯಾಗಿ ಉಳಿಯಿತು. ಪೂರ್ತಿ ಬೋಳಿಸಿ ಬಿಡಿ ಎಂದು ನಾನೇ ನರ್ಸಿಗೆ ಹೇಳಿದೆ. ಬೋಳಿಸಿದ ಮೇಲೆ ಗಾಜಿನ ಕಡೆ ತಿರುಗಲು ನಾಚಿಕೆಯಾಯಿತು. ಅವ್ವ ಆಚೆಯಿಂದ ತನ್ನ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ತೋರಿಸಿದಳು, ನೀನೂ ಹೀಗೆ ಮಾಡು ಎಂಬಂತೆ.

ಮಜ್ಜೆ ಹಾಕಿದ ದಿನ ಏನೋ ದೊಡ್ಡದು ನಡೆಯುತ್ತದೆ ಎಂದುಕೊಂಡಿದ್ದೆ. ಅಣ್ಣನಿಗೆ ಮತ್ತು ಬರಿಸಿ ಸೊಂಟದಿಂದ ತೆಗೆದದ್ದನ್ನು ಒಂದು ಚೀಲದಲ್ಲಿ ತಂದರು. ನೋಡಲು ರಕ್ತವೇ. ನೇತುಹಾಕಿ ಕೈಯ ನರಕ್ಕೆ ಬಿಟ್ಟರು. ಹೊತ್ತು ಇಳಿಯುವುದರೊಳಗೆ ಚೀಲ ಬರಿದಾಯಿತು. ಸಂಜೆ ಅಣ್ಣ ಗೋಡೆ ಹಿಡಿದು ಕುಂಟುತ್ತ ಗಾಜಿನ ಹತ್ತಿರ ಬಂದ, ಕೈಯೆತ್ತಿದ.

ಎರಡನೆಯ ವಾರ ಬಾಯಿ ಹುಣ್ಣಾಯಿತು. ಒಳಗಿನ ಚರ್ಮವೆಲ್ಲ ಸುಲಿದು ಹೋಗಿ ಉಗುಳು ನುಂಗಲೂ ಆಗುತ್ತಿರಲಿಲ್ಲ. ಮಾತು ನಿಂತುಹೋಯಿತು. ದನಿಯೇ ನನ್ನ ಕಸುಬು. ಗಾಜಿನ ಆಚೆ ಅವ್ವ ಏನೋ ಕೇಳಿದರೆ ನಾನು ಕಣ್ಣು ಮುಚ್ಚಿ ತೆರೆಯುವುದಷ್ಟೇ. ಆ ಜಗಳ ತಡೆಯುವ ಔಷಧಿಯ ಕೊನೆಯ ಸರದಿ ಆಗಲೇ ಬಂದಿತ್ತು. ಬಾಯಿಯ ಹುಣ್ಣು ಅದರಿಂದಲೇ ಹೆಚ್ಚಾಗಿದೆ, ಇನ್ನೊಂದು ಸಲ ಕೊಟ್ಟರೆ ಉಸಿರಿಗೇ ತೊಂದರೆಯಾದೀತು ಎಂದು ಒಬ್ಬ ಡಾಕ್ಟರು. ಕೊಡದಿದ್ದರೆ ಆಮೇಲೆ ಜಗಳ ಜೋರಾದೀತು ಎಂದು ಇನ್ನೊಬ್ಬರು. ನನ್ನ ಮಂಚದ ಪಕ್ಕದಲ್ಲೇ ನಿಂತು ಇಂಗ್ಲಿಷಿನಲ್ಲಿ ವಾದಿಸಿದರು. ಪೂರ್ತಿ ಅರ್ಥವಾಗದಿದ್ದರೂ ಇಬ್ಬರಿಗೂ ಖಚಿತವಿಲ್ಲ ಎಂಬುದು ಅರ್ಥವಾಯಿತು.

ಅವರು ಹೋದ ಮೇಲೆ ಸುಶೀಲಾ ಡಾಕ್ಟರು ಕೂತರು. "ಎರಡರಲ್ಲೂ ಅಪಾಯವಿದೆ. ಯಾವುದು ದೊಡ್ಡದು ಅಂತ ಹೇಳುವಷ್ಟು ನಮಗೆ ಗೊತ್ತಿಲ್ಲ. ನಮ್ಮ ಅಧ್ಯಯನಕ್ಕೋಸ್ಕರ ನೀನು ಇದನ್ನು ತೆಗೆದುಕೊಳ್ಳಬೇಕಾಗಿಲ್ಲ. ನನ್ನ ಮನಸ್ಸು ಬಿಟ್ಟುಬಿಡು ಅನ್ನುತ್ತದೆ. ನಿನಗೂ ಬೇಡ ಅನಿಸಿದರೆ ನನ್ನ ಕೈ ಒತ್ತು."

ಒತ್ತಿದೆ. ಇನ್ನೊಂದು ಹನಿ ಬೆಂಕಿಯನ್ನು ಸಹಿಸುವ ಶಕ್ತಿ ನನಗಿರಲಿಲ್ಲ.

ಬಾಯಿ ನಿಧಾನವಾಗಿ ಮಾಯತೊಡಗಿತು. ಒಂದು ಬೆಳಿಗ್ಗೆ ನರ್ಸ್ ಓಡಿಬಂದು ಬಿಳಿ ರಕ್ತಕಣ ಏರುತ್ತಿದೆ, ಮಜ್ಜೆ ಹಿಡಿದಿದೆ ಎಂದಳು. ಗಾಜಿನ ಆಚೆ ಅವ್ವ ಅಣ್ಣನ ಕೆನ್ನೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅಣ್ಣ ನಕ್ಕಿದ್ದನ್ನು ಆ ಊರಿಗೆ ಬಂದ ಮೇಲೆ ಅವತ್ತೇ ನೋಡಿದ್ದು.

ಆ ಸಂತೋಷ ವಾರ ಬಾಳಲಿಲ್ಲ. ಅಂಗೈ ಉರಿಯತೊಡಗಿತು. ಕಾದ ಬಂಡೆಯ ಮೇಲೆ ಬರಿಗಾಲಲ್ಲಿ ನಿಂತ ಹಾಗೆ ಅಂಗಾಲೂ ಉರಿ. ಸಂಜೆಯ ಹೊತ್ತಿಗೆ ಕಿವಿ, ಕುತ್ತಿಗೆ, ಎದೆ ಎಲ್ಲ ಕೆಂಪಾದವು. ಗಾಜಿನ ಆಚೆಯಿಂದ ಅವ್ವ ಅದನ್ನು ನೋಡಿ ಅಮ್ಮ ಬಂದವಳೆ ಎಂದುಕೊಂಡಳು. ಎಲ್ಲಿಂದಲೋ ಬೇವಿನ ಸೊಪ್ಪು ತಂದು ಒಳಗೆ ಇಡಬೇಕೆಂದು ನರ್ಸಿನ ಹತ್ತಿರ ಹಟ ಹಿಡಿದಳು. ಹೊರಗಿನ ಎಲೆ ಒಳಗೆ ಬರುವಂತಿರಲಿಲ್ಲ. ಆ ನರ್ಸ್ ಅವಳನ್ನು ಗದರಲಿಲ್ಲ. ಸೊಪ್ಪನ್ನು ಗಾಜಿನ ಹೊರಬದಿಯಲ್ಲಿ, ನನಗೆ ಕಾಣುವ ಹಾಗೆ ಕಟ್ಟಲು ಬಿಟ್ಟಳು. ಒಣಗುವ ತನಕ ಅದು ಅಲ್ಲೇ ಇತ್ತು.

ಆಮೇಲೆ ಹೊಟ್ಟೆ ಕೆಟ್ಟಿತು. ನೀರು ಕುಡಿದರೆ ನೀರಾಗಿಯೇ ಹೋಗುತ್ತಿತ್ತು. ಕಣ್ಣು ಹಳದಿಯಾಯಿತು. ಅಂಗೈಯ ಚರ್ಮ ಹಾಳೆ ಹಾಳೆಯಾಗಿ ಎದ್ದಿತು. ಅಣ್ಣನ ಮಜ್ಜೆ ಜಗಳಕ್ಕೆ ಬಿದ್ದಿದೆ ಎಂದು ಸುಶೀಲಾ ಡಾಕ್ಟರು ಹೇಳಿದರು. ಬೇರೆ ಔಷಧಿ ಜೋರಾಗಿ ಶುರುಮಾಡಿದರು. ಆ ಕೊನೆಯ ಸರದಿ ಬಿಟ್ಟಿದ್ದರಿಂದ ಹೀಗಾಯಿತಾ ಎಂದು ಪಿಸುದನಿಯಲ್ಲಿ ಕೇಳಿದೆ. "ಗೊತ್ತಿಲ್ಲ. ಪೂರ್ತಿ ತೆಗೆದುಕೊಂಡವರಿಗೂ ಆಗಿದೆ. ನನಗೂ ಅದೇ ಪ್ರಶ್ನೆ ಕಾಡುತ್ತಿದೆ" ಎಂದರು. ಅವರು ಸುಳ್ಳು ಸಮಾಧಾನ ಹೇಳಿದ್ದರೆ ನಾನು ಆ ದಿನಗಳನ್ನು ಕಳೆಯುತ್ತಿರಲಿಲ್ಲ ಅನಿಸುತ್ತದೆ.

ಪಕ್ಕದ ಕೋಣೆಯಲ್ಲಿದ್ದ ಅನಂತಪುರದ ಮೇಷ್ಟರು ಆ ವಾರವೇ ತೀರಿಕೊಂಡರು. ಯಾರೂ ನನಗೆ ಹೇಳಲಿಲ್ಲ. ಗೋಡೆಯ ಆಚೆಯ ಕೆಮ್ಮು ನಿಂತಿತ್ತು. ಅವ್ವ ಎರಡು ದಿನ ಗಾಜಿನ ಹತ್ತಿರ ಬಂದಾಗ ನನ್ನ ಕಣ್ಣನ್ನು ತಪ್ಪಿಸುತ್ತಿದ್ದಳು.

ಅದರ ಜೊತೆಗೇ ಇನ್ನೊಂದನ್ನು ಗಮನಿಸಿದೆ. ಗಾಜಿನ ಆಚೆ ಅಣ್ಣ ಕಾಣುತ್ತಿರಲಿಲ್ಲ. ಎಲ್ಲಿ ಎಂದು ಸನ್ನೆಯಲ್ಲಿ ಕೇಳಿದರೆ ಅವ್ವ ಊಟಕ್ಕೆ ಹೋಗಿದ್ದಾನೆ ಎಂಬಂತೆ ಕೈ ತೋರಿಸುವಳು. ಆಮೇಲೆ ತಿಳಿಯಿತು. ವಾರ್ಡಿನ ಯಾರೋ ಅವನಿಗೆ ಅರ್ಧಂಬರ್ಧ ಕನ್ನಡದಲ್ಲಿ, ನಿನ್ನ ರಕ್ತವೇ ನಿನ್ನ ತಂಗಿಯನ್ನು ತಿನ್ನುತ್ತಿದೆ ಎಂದಿದ್ದರು. ಅವನು ಸುಶೀಲಾ ಡಾಕ್ಟರ ಬಾಗಿಲಿಗೆ ಹೋಗಿ ನಿಂತನಂತೆ. "ಕೊಟ್ಟಿದ್ದನ್ನ ವಾಪಸ್ ತೆಗೀರಿ" ಎಂದು ಕೇಳಿದನಂತೆ. ಅದು ಆಗುವುದಿಲ್ಲ, ಈಗ ಅವಳು ಬದುಕಬೇಕಾದರೂ ಆ ಮಜ್ಜೆಯಿಂದಲೇ ಎಂದು ಅವರು ವಿವರಿಸಿದರಂತೆ. ಅವನಿಗೆ ಕೇಳಿಸಿತೋ ಇಲ್ಲವೋ. ಅವತ್ತು ಮಧ್ಯಾಹ್ನವೇ ಯಾರಿಗೂ ಹೇಳದೆ ಬಸ್ಸು ಹತ್ತಿಬಿಟ್ಟಿದ್ದ.

ಹೊಟ್ಟೆಯೊಳಗೆ ರಕ್ತ ಒಸರಲು ಶುರುವಾಯಿತು. ರಕ್ತ ಕಟ್ಟುವ ಕಣಗಳನ್ನು ಬೇರೆಯವರಿಂದ ತೆಗೆದು ಕೊಟ್ಟರು. ಕಾಲೇಜಿನ ಹುಡುಗರು ಬಂದು ಕೊಟ್ಟುಹೋದರು. ಆದರೆ ಅಷ್ಟರಲ್ಲಿ ಎಷ್ಟೋ ಜನರ ರಕ್ತ ಕಂಡಿದ್ದ ನನ್ನ ಮೈ ಯಾರದನ್ನೂ ಉಳಿಸಿಕೊಳ್ಳುತ್ತಿರಲಿಲ್ಲ. ಅಣ್ಣನದಾದರೆ ನಿಲ್ಲುತ್ತದೆ, ಅವನು ಬೇಕು ಎಂದರು.

ನನ್ನ ಅವ್ವ ಜೀವಮಾನದಲ್ಲಿ ಫೋನ್ ಮುಟ್ಟಿರಲಿಲ್ಲ. ಮಗಳು ಅದೇ ಕೆಲಸ ಮಾಡಿದರೂ ಆ ಕಪ್ಪು ಡಬ್ಬಿಯನ್ನು ಕಂಡರೆ ದೂರ ನಿಲ್ಲುವಳು. ಅವತ್ತು ಆಸ್ಪತ್ರೆಯ ಎದುರಿನ ಅಂಗಡಿಗೆ ಹೋಗಿ, ಮಧುಗಿರಿ ಮಧುಗಿರಿ ಎಂದು ಹೇಳಿ ಹೇಳಿ ಕಾಲ್ ಬುಕ್ ಮಾಡಿಸಿ, ಅಂಗಡಿಯವನು ಕರೆಯುವ ತನಕ ಮೆಟ್ಟಿಲ ಮೇಲೆ ಕೂತಿದ್ದಳು. ಲೈನಿನಲ್ಲಿ ಶಾಂತಾ ಸಿಕ್ಕಳು. ಅವ್ವ ಹೇಳಿದ ಮಾತನ್ನು ಶಾಂತಾ ನನಗೆ ಆಮೇಲೆ ಎಷ್ಟೋ ಸಲ ಹೇಳಿದ್ದಾಳೆ.

"ಯವ್ವಾ, ನಾನು ನಿಮ್ ಜೊತೆ ಕೆಲ್ಸ ಮಾಡೋ ಜಯನ ಅವ್ವ. ನನ್ ಮಗ ಹೊಂಟೋಗ್ಬುಟ್ಟವ್ನೆ. ಅವನ್ನ ಹುಡುಕ್ಕೊಡ್ರಮ್ಮ. ಇಲ್ಲಾಂದ್ರೆ ಇಬ್ರೂ ಹೋಗ್ತಾರೆ."

ಶಾಂತಾ ಪಾವಗಡಕ್ಕೆ ಜೋಡಿಸಿದಳು. ಸುಬ್ಬಲಕ್ಷ್ಮಿ ಈ ಸಲ ಯಾರಿಗೂ ಫೋನ್ ಮಾಡಲಿಲ್ಲ. ಡ್ಯೂಟಿ ಮುಗಿಸಿ ತಾನೇ ವೈ.ಎನ್.ಹೊಸಕೋಟೆಯ ಬಸ್ಸು ಹತ್ತಿದಳು. ಎಣ್ಣೆ ಮಿಲ್ಲಿನವರನ್ನು ವಿಚಾರಿಸಿಕೊಂಡು, ಕಡಲೆಕಾಯಿ ಕಿತ್ತ ಹೊಲಗಳನ್ನು ದಾಟಿಕೊಂಡು ಮಂದೆ ಇದ್ದಲ್ಲಿಗೆ ಹೋದಳು. ಅಣ್ಣ ಹಿಂದಿನ ದಿನವಷ್ಟೇ ಬಂದು ಮಂದೆ ಸೇರಿಕೊಂಡಿದ್ದ. ಬದುವಿನ ಮೇಲೆ ಕೂತಿದ್ದನಂತೆ. ಅವಳು ತಾನು ಯಾರೆಂದು ಹೇಳಿದಳು. ಅವನು ತಲೆಯೆತ್ತಲಿಲ್ಲ.

"ನನ್ ರಕ್ತ ಅವಳ್ನ ತಿಂತೈತೆ ಕಣಮ್ಮ. ನಾನು ಹತ್ರ ಇದ್ರೆ ಇನ್ನೂ ತಿನ್ನುತ್ತೆ."

"ಅಣ್ಣಾ, ನೀವು ಇಲ್ಲಿ ಕೂತ್ರೂ ಅದು ಅಲ್ಲೇ ಉಂದಿ, ಅವಳೊಳಗೇ ಐತೆ" ಎಂದಳು ಸುಬ್ಬಲಕ್ಷ್ಮಿ. "ಡಾಕ್ಟರಮ್ಮ ನೀವೇ ಬೇಕು ಅಂತವ್ರೆ. ನಾನು ನಿಮ್ ತಂಗಿ ಮುಖ ನೋಡಿಲ್ಲ, ಆದ್ರೂ ಬಂದಿದೀನಿ. ಪದಂಡಿ, ಹೋಗಾನ, ಬಸ್ಸು ಐತೆ."

ಅವಳು ಅವನನ್ನು ಬಸ್ಸಿಗೆ ಹತ್ತಿಸಿ, ಕಂಡಕ್ಟರಿಗೆ ಎಲ್ಲಿ ಇಳಿಸಬೇಕು, ಮುಂದಿನ ಬಸ್ಸು ಯಾವುದು ಎಂದು ಹೇಳಿ, ಅದು ಹೊರಡುವ ತನಕ ಕಿಟಕಿಯ ಕೆಳಗೇ ನಿಂತಿದ್ದಳು.

ಅವನು ಬರುವ ಹೊತ್ತಿಗೆ ನಾನು ಅರೆಪ್ರಜ್ಞೆಯಲ್ಲಿದ್ದೆ. ಮುಂದಿನದನ್ನು ಸುಶೀಲಾ ಡಾಕ್ಟರು ಹೇಳಿ ತಿಳಿದದ್ದು. ಮತ್ತೆ ರಕ್ತ ತೆಗೆಯಬೇಕು ಎಂದಾಗ ಅಣ್ಣ ಕೈಯನ್ನು ಹಿಂದಕ್ಕೆ ಎಳೆದುಕೊಂಡ. "ಮತ್ತೆ ನಂದೇನಾ?" ಎಂದ. ಅವರು ಸಾವಕಾಶವಾಗಿ ಹೇಳಿದರು. ಈ ಸಲ ಕೊಡುವುದು ರಕ್ತ ಕಟ್ಟುವ ಕಣ ಮಾತ್ರ. ಅದರ ಜೊತೆ ಜಗಳ ಮಾಡುವ ಕಣಗಳು ಸ್ವಲ್ಪ ಸೇರಿಕೊಂಡಿರುತ್ತವೆ. ಆದರೆ ಚೀಲವನ್ನು ಕ್ಯಾನ್ಸರಿನವರಿಗೆ ವಿಕಿರಣ ಕೊಡುವ ಯಂತ್ರದ ಕೆಳಗೆ ಇಟ್ಟು ಅವುಗಳ ಶಕ್ತಿಯನ್ನು ಕೊಂದುಬಿಡುತ್ತಾರೆ. ಆಮೇಲೆ ಅದು ಯಾರಿಗೂ ಏನೂ ಮಾಡುವುದಿಲ್ಲ.

ಅಣ್ಣ ಕೇಳಿಸಿಕೊಂಡ. "ಅದನ್ನ ನಾನು ನೋಡ್ಬೇಕು" ಎಂದ. "ನೀವು ಮಿಷನ್ ಕೆಳಗೆ ಇಡೋದನ್ನ ಕಣ್ಣಾರೆ ನೋಡ್ಬೇಕು. ಅವಳು ಸಾಯೋದಾದ್ರೆ ನನ್ ರಕ್ತದಿಂದ ಸಾಯ್ಬಾರ್ದು, ಅಷ್ಟೇಯ."

ರಕ್ತ ಕೊಟ್ಟ ಮೇಲೆ ಅವರು ಅವನನ್ನು ಕರೆದುಕೊಂಡು ಹೋದರು. ಯಂತ್ರದ ಕೋಣೆಯ ದಪ್ಪ ಬಾಗಿಲಿನ ಹೊರಗೆ, ಒಳಗಿನದು ಕಾಣುವ ಸಣ್ಣ ಗಾಜಿನ ಮುಂದೆ ನಿಲ್ಲಿಸಿದರು. ಮೇಜಿನ ಮೇಲೆ ಅವನ ಕಣಗಳು ತುಂಬಿದ ಹಳದಿ ಚೀಲ ಒಂದೇ ಮಲಗಿತ್ತಂತೆ. ಯಂತ್ರ ಗುಂಯ್‌ಗುಟ್ಟಿ ನಿಂತಿತು. ಇಷ್ಟೇನಾ ಎಂದು ಕೇಳಿದನಂತೆ. ಇಷ್ಟೇ ಎಂದರು. ಆಮೇಲೆ ಚೀಲ ನನ್ನ ಕೋಣೆಗೆ ಬರುವ ತನಕ ಅದನ್ನು ಹಿಡಿದುಕೊಂಡ ನರ್ಸಿನ ಜೊತೆಜೊತೆಗೇ ನಡೆದು ಬಂದ.

ಅವನ ಕಣಗಳು ನನ್ನ ಮೈಯಲ್ಲಿ ಉಳಿದವು. ಒಸರುವುದು ಕಡಿಮೆಯಾಯಿತು. ಒಂದೇ ಸಲಕ್ಕೆ ಅಲ್ಲ. ವಾರಗಟ್ಟಲೆ ಒಂದು ದಿನ ಮೇಲೆ, ಎರಡು ದಿನ ಕೆಳಗೆ. ಅವನು ಎಷ್ಟು ಸಲ ಕೊಟ್ಟನೋ ನಾನು ಲೆಕ್ಕ ಇಡಲಿಲ್ಲ. ಚರ್ಮದ ಕೆಂಪು ಇಳಿದು ಕಂದಾಯಿತು. ಹೊಟ್ಟೆ ಗಂಜಿಯನ್ನು ಉಳಿಸಿಕೊಂಡಿತು. ಕಣ್ಣಿನ ಹಳದಿ ಎಲ್ಲಕ್ಕಿಂತ ಕೊನೆಗೆ ಹೋಯಿತು. ಮೊದಲ ಸಲ ಗಾಜಿನ ಕೋಣೆಯಿಂದ ಹೊರಗೆ ಬಂದಾಗ ಅವ್ವ ನನ್ನ ಕೈ ಹಿಡಿದಳು. ಗಟ್ಟಿಯಾಗಿಯೇ ಹಿಡಿದಳು. ಕಲೆಯಾಗಲಿಲ್ಲ.

ಊರಿಗೆ ಬಂದರೂ ಎಲ್ಲ ಮುಗಿಯಲಿಲ್ಲ. ಅಣ್ಣನ ಮಜ್ಜೆ ನನ್ನ ಮೈಯ ಜೊತೆ ಈಗಲೂ ಪೂರ್ತಿ ರಾಜಿಯಾಗಿಲ್ಲ. ಕಣ್ಣಿನಲ್ಲಿ ನೀರು ಒಸರುವುದಿಲ್ಲ, ದಿನಕ್ಕೆ ಹಲವು ಸಲ ಹನಿ ಹಾಕಿಕೊಳ್ಳಬೇಕು. ಬಾಯಿ ಒಣಗುತ್ತದೆ, ಮುದ್ದೆ ನುಂಗಲು ಸಾರು ಜಾಸ್ತಿ ಬೇಕು. ಮೊಣಕೈಯ ಚರ್ಮ ಬಿಗಿದುಕೊಂಡಿದೆ. ಅಳು ಬಂದರೂ ಕಣ್ಣೀರು ಬರದೆ ಇರುವುದಕ್ಕೆ ಒಗ್ಗಿಕೊಳ್ಳಲು ಬಹಳ ಕಾಲ ಹಿಡಿಯಿತು. ಎದುರಿನವರು ನಾನು ಕಲ್ಲು ಮನಸ್ಸಿನವಳು ಎಂದುಕೊಳ್ಳುತ್ತಾರೆ. ಕೆಲಸಕ್ಕೆ ವಾಪಸು ಹೋದೆ. ದನಿ ಒಡೆದು ಗಡುಸಾಗಿತ್ತು. ಮೊದಲ ದಿನ ಪಾವಗಡಕ್ಕೆ ವೈರು ಚುಚ್ಚಿ ಮಾತಾಡಿದಾಗ ಸುಬ್ಬಲಕ್ಷ್ಮಿ, ಹೊಸದಾಗಿ ಸೇರಿದವರಾ ಎಂದು ಕೇಳಿದಳು. ಹೆಸರು ಹೇಳಿದೆ. ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಸೂಪರ್‌ವೈಸರ್ ನೋಡುತ್ತಿದ್ದರೂ ನಾನು ಲೈನ್ ತೆಗೆಯಲಿಲ್ಲ.

ಮರುವರ್ಷ ತಪಾಸಣೆಗೆ ಹೋದಾಗ ಅಣ್ಣನೂ ಜೊತೆಗೆ ಬಂದ. ನಿಮ್ಮ ಅಧ್ಯಯನ ಏನಾಯಿತು ಎಂದು ಸುಶೀಲಾ ಡಾಕ್ಟರನ್ನು ಕೇಳಿದೆ. ನಡೆಯುತ್ತಿದೆ ಎಂದರು. ಕೊನೆಯ ಸರದಿ ತೆಗೆದುಕೊಳ್ಳದ್ದರಿಂದ ನಾನು ಪೂರ್ತಿ ಕೊಟ್ಟವರ ಲೆಕ್ಕಕ್ಕೂ ಸೇರುವುದಿಲ್ಲ, ಕೊಡದವರ ಲೆಕ್ಕಕ್ಕೂ ಸೇರುವುದಿಲ್ಲವಂತೆ. ನನ್ನಂಥವರದ್ದನ್ನು ಬೇರೆಯಾಗಿ ಬರೆಯಬೇಕು ಎಂದರು. "ನಿನ್ನಿಂದ ನನಗೆ ಗೊತ್ತಾದದ್ದು ಏನು ಅಂತ ಯಾರಾದರೂ ಕೇಳಿದರೆ ಹೇಳಲು ಬರುವುದಿಲ್ಲ. ನೀನು ನಡೆದುಕೊಂಡು ಒಳಗೆ ಬಂದೆಯಲ್ಲ, ಅದಷ್ಟೇ ಗೊತ್ತು" ಎಂದು ನಕ್ಕರು.

ಹೊರಗೆ ಕಾಯುವ ಕೋಣೆಯಲ್ಲಿ ಕನ್ನಡ ಕೇಳಿಸಿತು. ಕೊರಟಗೆರೆಯ ಕಡೆಯ ಒಬ್ಬ ಹೆಂಗಸು, ಹೆಸರು ಸಾವಿತ್ರಿ. ಅವಳ ಅಕ್ಕ ನಾನಿದ್ದ ಗಾಜಿನ ಕೋಣೆಯಲ್ಲಿದ್ದಳು. ಮರುದಿನ ಸಾವಿತ್ರಿಯ ಮಜ್ಜೆ ತೆಗೆಯುವುದಿತ್ತು. ನನ್ನನ್ನು ನೋಡಿ, ಔಷಧಿ ಹೇಗಿರುತ್ತದೆ, ಬಾಯಿ ಹುಣ್ಣು ಎಷ್ಟು ದಿನ ಎಂದೆಲ್ಲ ಕೇಳಿದಳು. ಗೊತ್ತಿದ್ದಷ್ಟು ಮುಚ್ಚಿಡದೆ ಹೇಳಿದೆ. ಆಮೇಲೆ ಅವಳು ಅಣ್ಣನ ಕಡೆ ತಿರುಗಿದಳು.

"ನಾನು ಕೊಟ್ಟಿದ್ದೇ ಅಕ್ಕನಿಗೆ ಕೆಟ್ಟದ್ದು ಮಾಡಿದ್ರೆ? ಅಂಗೂ ಆಗ್ತದಂತಲ್ಲ. ಒಂದೊಂದು ಸಲ ಎದ್ದು ಹೋಗ್ಬುಡಾನ ಅನಿಸ್ತದೆ."

ನಾನು ಅವನು ಏನು ಹೇಳುತ್ತಾನೋ ಎಂದು ಹೆದರಿದೆ. ಆ ವಿಷಯವನ್ನು ಅವನು ನನ್ನ ಹತ್ತಿರವೂ ಎಂದೂ ಎತ್ತಿರಲಿಲ್ಲ.

"ಆಗ್ಬೋದು ಕಣಮ್ಮ" ಎಂದ. "ನಮಗೆ ಆಯ್ತು. ನಾನು ಎದ್ದೋಗಿದ್ದೆ. ಹೋದ್ರೂ ಅದು ಬುಡ್ಲಿಲ್ಲ, ಬಸ್ಸಿನಾಗೂ ಹೊಲದಾಗೂ ಜೊತೆಗೇ ಇತ್ತು. ಕೊಡು. ಕೊಟ್ಮ್ಯಾಲೆ ಇಲ್ಲೇ ಕೂತಿರು. ಗಾಜಿನ ತಾವ ನಿಂತು ಮುಖ ತೋರ್ಸು. ಅಷ್ಟೇಯ, ಅದಕ್ಕಿಂತ ನಮ್ ಕೈಲಿ ಏನೈತೆ."

ಸ್ವಲ್ಪ ಹೊತ್ತಿನ ಮೇಲೆ, ಸಾವಿತ್ರಿಯ ಜೊತೆಗೆ ಯಾರೂ ಬಂದಿಲ್ಲ ಎಂಬುದು ತಿಳಿಯಿತು. ಗಂಡ ಅಕ್ಕನ ಮಕ್ಕಳನ್ನು ನೋಡಿಕೊಳ್ಳಲು ಊರಿನಲ್ಲಿ ಉಳಿದಿದ್ದ.

ಅವತ್ತು ಸಂಜೆಯ ಬಸ್ಸಿಗೆ ನಾವು ಊರಿಗೆ ಹೊರಡಬೇಕಿತ್ತು. ಅಣ್ಣ ಕೈಚೀಲವನ್ನು ಬೆಂಚಿನ ಕೆಳಗೆ ತಳ್ಳಿ, ಊಟ ಎಲ್ಲಿ ಸಿಗುತ್ತದೆಂದು ನನಗೆ ಗೊತ್ತು ಬಾ ಎಂದು ಸಾವಿತ್ರಿಯನ್ನು ಎಬ್ಬಿಸಿದ. ನಾವು ಹೊರಟಿದ್ದು ಅವಳ ಅಕ್ಕನಿಗೆ ಮಜ್ಜೆ ಹಾಕಿ, ಸಾವಿತ್ರಿ ಗೋಡೆ ಹಿಡಿದು ಗಾಜಿನ ಹತ್ತಿರ ಹೋಗಿ ನಿಂತ ಮೇಲೆ.